ಇಂಡಿಕಾರ್‌ಗೆ ಉಳಿಗಾಲ ಎಷ್ಟು? ಬಳ್ಳಾರಿಯಲ್ಲಿ ಕೂತು ಲೆಕ್ಕ ಬರೆಯುವ ಕ್ರಮ

ಮೇ ತಿಂಗಳ ಕೊನೆಯ ಭಾನುವಾರ ಇಂಡಿಯಾನಾಪೊಲಿಸ್‌ನಲ್ಲಿ ಸೇರುವ ಜನಸಾಗರ ನೋಡಿದವರಿಗೆ ಇಂಡಿಕಾರ್, ಅಂದರೆ ಚಕ್ರಗಳು ಮೈಯ ಹೊರಗೇ ಕಾಣುವ ಓಪನ್ ವ್ಹೀಲ್ ಕಾರುಗಳ ಅಮೆರಿಕದ ರೇಸ್ ಸರಣಿ, ಕಷ್ಟದಲ್ಲಿದೆ ಎಂದರೆ ನಂಬಿಕೆ ಬರುವುದಿಲ್ಲ. 2025ರಲ್ಲಿ ಅಲ್ಲಿಗೆ ಸುಮಾರು ಮೂರೂವರೆ ಲಕ್ಷ ಜನ ಬಂದಿದ್ದರು, ಗ್ಯಾಲರಿಯ ಸೀಟುಗಳೆಲ್ಲ ಮೊದಲೇ ಮಾರಾಟವಾಗಿದ್ದವು. ಆದರೆ ಇದು ತುಂಗಭದ್ರಾ ಎಡದಂಡೆ ಕಾಲುವೆಯನ್ನು ಮುನಿರಾಬಾದಿನಲ್ಲಿ ನಿಂತು ನೋಡಿದ ಹಾಗೆ. ಅಲ್ಲಿ ಕಾಲುವೆ ತುಂಬಿ ಹರಿಯುತ್ತಿರುತ್ತದೆ. ನೀರು ಸಾಕೋ ಸಾಲದೋ ಎಂದು ತಿಳಿಯಬೇಕಾದರೆ ರಾಯಚೂರು ಕಡೆಯ ಟೇಲ್‌ಎಂಡ್ ರೈತನನ್ನು ಕೇಳಬೇಕು. ಇಂಡಿಕಾರ್ ಸರಣಿಯ ಆರೋಗ್ಯವೂ ಹಾಗೆಯೇ: ಇಂಡಿಯಾನಾಪೊಲಿಸ್‌ನ ಆ 500 ಮೈಲಿ ರೇಸ್, ಅಂದರೆ ಇಂಡಿ 500, ಅದರ ಮೇಲ್ಭಾಗ, ವರ್ಷದ ಉಳಿದ ರೇಸ್‌ಗಳು ಅದರ ಟೇಲ್‌ಎಂಡ್.

ಬಳ್ಳಾರಿ, ಹೊಸಪೇಟೆ, ಗಂಗಾವತಿಯಲ್ಲಿ ರಾತ್ರಿ ಎದ್ದು ಕೂತು ಈ ರೇಸ್ ನೋಡುವ ಹುಡುಗರ ಗುಂಪುಗಳಿಗೆ ಈ ಟಿಪ್ಪಣಿ. ಯಾರು ಗೆದ್ದರು ಎಂಬುದನ್ನು ಎಲ್ಲರೂ ಬರೆದಿಡುತ್ತಾರೆ. ಈ ಆಟ ಇನ್ನು ಹತ್ತು ವರ್ಷ ಇರುತ್ತದೋ ಇಲ್ಲವೋ ಎಂಬುದನ್ನು ಅಳೆಯಲು ಬೇರೆಯದೇ ಪುಸ್ತಕ ಬೇಕು.

ಬೇಕಾಗುವ ಸಾಮಾನು

200 ಪುಟದ ಗೆರೆ ಹಾಕಿದ ಲಾಂಗ್ ಬುಕ್ ಒಂದು, ನೀಲಿ ಪೆನ್ನು, ಒಂದು ಪೆನ್ಸಿಲ್. ಪೆನ್ಸಿಲ್ ಯಾಕೆ ಎಂಬುದು ಎಂಜಿನ್ ಪುಟದಲ್ಲಿ ಗೊತ್ತಾಗುತ್ತದೆ. ಗುಂಪಿನಲ್ಲಿ ನಾಲ್ಕರಿಂದ ಆರು ಜನ ಇದ್ದರೆ ಒಬ್ಬೊಬ್ಬರಿಗೆ ಒಂದೊಂದು ಪುಟ ವಹಿಸಬಹುದು. ರೇಸ್ ಒಂದಕ್ಕೆ ಇಪ್ಪತ್ತು ನಿಮಿಷ ಸಾಕು. ಸರಣಿಯ ಅಧಿಕೃತ ಜಾಲತಾಣದಲ್ಲಿ ಪ್ರತಿ ರೇಸಿನ ಮುನ್ನ ಎಂಟ್ರಿ ಲಿಸ್ಟ್ (ಬರುವ ಕಾರುಗಳ ಪಟ್ಟಿ), ಮುಗಿದ ಮೇಲೆ ಬಾಕ್ಸ್ ಸ್ಕೋರ್ (ಫಲಿತಾಂಶದ ಪಟ್ಟಿ) ಸಿಗುತ್ತವೆ. ಎಂಟ್ರಿ ಲಿಸ್ಟ್ ಅನ್ನು ಆ ವಾರವೇ ಇಳಿಸಿಕೊಳ್ಳಿ. ಮುಂದಕ್ಕೆ ಹಾಕಿದರೆ ಯಾವ ರೇಸಿಗೆ ಯಾವ ತಂಡ ಬಂದಿತ್ತು, ಯಾವುದು ಬರಲಿಲ್ಲ ಎಂಬುದು ಕಲಸಿಹೋಗುತ್ತದೆ.

ಸಮಯದ ವಿಷಯದಲ್ಲಿ ಹೊಸಬರು ಪ್ರತಿ ವರ್ಷ ಒಂದೇ ಕಡೆ ತಪ್ಪುತ್ತಾರೆ. ಅಮೆರಿಕದ ಪೂರ್ವ ಭಾಗದ ಸಮಯಕ್ಕೆ ಒಂಬತ್ತೂವರೆ ಗಂಟೆ ಕೂಡಿಸಿದರೆ ನಮ್ಮ ಸಮಯ. ಆದರೆ ಮಾರ್ಚ್ ತಿಂಗಳ ಎರಡನೇ ಭಾನುವಾರದ ಮೊದಲು ಹತ್ತೂವರೆ ಗಂಟೆ ಕೂಡಿಸಬೇಕು, ಅಲ್ಲಿಯವರೆಗೆ ಅವರು ಗಡಿಯಾರ ಮುಂದೆ ತಿರುಗಿಸಿರುವುದಿಲ್ಲ. ಫ್ಲೋರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನ ಮೊದಲ ರೇಸ್ ಕೆಲವು ವರ್ಷ ಈ ಗಡಿಯ ಆಚೆ ಬೀಳುತ್ತದೆ, ಕೆಲವು ವರ್ಷ ಈಚೆ. ಇಂಡಿ 500ಕ್ಕೆ ಹಸಿರು ಬಾವುಟ ಅಲ್ಲಿನ ಮಧ್ಯಾಹ್ನ 12:45ರ ಸುಮಾರಿಗೆ, ಅಂದರೆ ಬಳ್ಳಾರಿಯಲ್ಲಿ ರಾತ್ರಿ 10:15. ಮುಗಿಯುವಾಗ ಒಂದು ಗಂಟೆ ದಾಟಿರುತ್ತದೆ. ಮಳೆ ಬಂದರೆ ಹೇಳುವ ಹಾಗಿಲ್ಲ: 2024ರಲ್ಲಿ ಸುಮಾರು ನಾಲ್ಕು ಗಂಟೆ ತಡವಾಗಿ, ನಮಗೆ ರಾತ್ರಿ ಎರಡರ ಮೇಲೆ ಶುರುವಾಯಿತು.

ಡೇಟಾ ಲೆಕ್ಕವೂ ಇದಕ್ಕೆ ಅಂಟಿಕೊಂಡಿದೆ. ಮಧ್ಯಮ ಗುಣಮಟ್ಟದ ವಿಡಿಯೊ ಗಂಟೆಗೆ 600ರಿಂದ 700 ಎಂಬಿ ತಿನ್ನುತ್ತದೆ. ದಿನಕ್ಕೆ 1.5 ಜಿಬಿ ಪ್ಯಾಕ್ ಇದ್ದವರಿಗೆ ಮಧ್ಯರಾತ್ರಿಯವರೆಗಿನ ಒಂದೂಮುಕ್ಕಾಲು ಗಂಟೆಗೆ ಸುಮಾರು 1.2 ಜಿಬಿ ಬೇಕು, ಹನ್ನೆರಡರ ನಂತರ ಹೊಸ ದಿನದ ಪ್ಯಾಕ್ ಶುರುವಾಗುತ್ತದೆ. ಹಗಲು ರೀಲ್ಸ್ ನೋಡಿ ಖಾಲಿ ಮಾಡಿಕೊಂಡವರು ಮೊದಲ ಅರ್ಧವನ್ನು ಕಳೆದುಕೊಳ್ಳುತ್ತಾರೆ. ಮೇ ಕೊನೆಗೆ ನಮ್ಮಲ್ಲಿ ಸಂಜೆ ಗಾಳಿ-ಮಳೆಗೆ ಕರೆಂಟ್ ಹೋಗುವುದು ಮಾಮೂಲು, ಪವರ್ ಬ್ಯಾಂಕ್ ಮಧ್ಯಾಹ್ನವೇ ತುಂಬಿಸಿಡಿ. ಒಗ್ಗರಣೆ-ಮಿರ್ಚಿಯನ್ನೂ ಅಂಗಡಿ ಮುಚ್ಚುವ ಮೊದಲೇ ತಂದಿಟ್ಟುಕೊಳ್ಳುವುದು ಒಳ್ಳೆಯದು.

ಮೊದಲ ಪುಟ: ಎಷ್ಟು ಕಾರು ಬಂದವು

ಇದು ಸುಲಭದ ಪುಟ, ಮೋಸ ಮಾಡುವ ಪುಟವೂ ಹೌದು. ನಾಲ್ಕು ಕಾಲಮ್ ಎಳೆಯಿರಿ: ಪೂರ್ಣ ಸರಣಿ ಓಡುವ ಕಾರು, ತಂಡಗಳ ಸಂಖ್ಯೆ, ಇಂಡಿ 500ಕ್ಕೆ ಬಂದ ಒಟ್ಟು ಕಾರು, ಅರ್ಹತೆ ಸಿಗದೆ ಮನೆಗೆ ಹೋದವು. 2025ರ ಸಾಲು ಹೀಗೆ ಬರುತ್ತದೆ: 27, 11, 34, 1.

ಇಂಡಿ 500ರ ಗ್ರಿಡ್‌ನಲ್ಲಿ ಮೂರರಂತೆ ಹನ್ನೊಂದು ಸಾಲು, 33 ಕಾರು. ಮೂವತ್ತನಾಲ್ಕನೆಯದು ಬಂದರೆ ಮಾತ್ರ ಯಾರಾದರೂ ಹೊರಗೆ ಬೀಳುವ ಭಯ ಇರುತ್ತದೆ. ಆ ಭಯವೇ ಅಲ್ಲಿನ ಅರ್ಹತಾ ಸುತ್ತಿನ ಜೀವ. 1995ರಲ್ಲಿ ಪೆನ್ಸ್ಕೆ ತಂಡದ ಎರಡೂ ಕಾರುಗಳು, 2019ರಲ್ಲಿ ಫಾರ್ಮುಲಾ ಒನ್ ಮಾಜಿ ಚಾಂಪಿಯನ್ ಫರ್ನಾಂಡೊ ಅಲಾನ್ಸೊ ಹೊರಗುಳಿದದ್ದು ಇದೇ ಸುತ್ತಿನಲ್ಲಿ. 33 ತುಂಬಿಸಲು ಆಯೋಜಕರು ಕೊನೆಯ ವಾರ ತಂಡಗಳ ಬಾಗಿಲು ತಟ್ಟುವ ವರ್ಷ ಬಂದರೆ ಆ ಸಾಲಿಗೆ ದಪ್ಪ ಗೆರೆ ಎಳೆಯಿರಿ.

2025ರಿಂದ 25 ಕಾರುಗಳಿಗೆ ಚಾರ್ಟರ್ ಪದ್ಧತಿ ಬಂದಿದೆ. ಒಂದು ತಂಡಕ್ಕೆ ಹೆಚ್ಚೆಂದರೆ ಮೂರು. ಚಾರ್ಟರ್ ಇದ್ದ ಕಾರಿಗೆ ಇಂಡಿ 500 ಬಿಟ್ಟು ಉಳಿದೆಲ್ಲ ರೇಸ್‌ಗಳಲ್ಲಿ ಜಾಗ ಖಾತ್ರಿ, ಅವಧಿ 2031ರವರೆಗೆ. ಇದು ಬಂದ ಮೇಲೆ ಕಾರು ಎಣಿಸುವ ಲೆಕ್ಕದ ಅರ್ಥವೇ ಬದಲಾಗಿದೆ. ಚಾರ್ಟರ್‌ಗೆ ಮಾರಾಟದ ಬೆಲೆ ಇರುವುದರಿಂದ ನಷ್ಟದಲ್ಲಿರುವ ತಂಡವೂ ಕಾರು ಓಡಿಸುತ್ತಲೇ ಇರಬಹುದು. ಹಾಗಾಗಿ ಚಾರ್ಟರ್ ಇಲ್ಲದೆ ಬರುವ ಕಾರುಗಳನ್ನು ಬೇರೆ ಎಣಿಸಿ. ಖಾತ್ರಿ ಇಲ್ಲದಿದ್ದರೂ ಹಣ ಹಾಕುವವನು ಇದ್ದಾನೆಂದರೆ ಈ ಆಟದಲ್ಲಿ ಇನ್ನೂ ಆಸೆ ಇದೆ ಎಂದರ್ಥ.

ಎರಡನೇ ಪುಟ: ಎಂಜಿನ್ ಕೊಡುವವರು ಯಾರು

ಎಲ್ಲ ಪುಟಗಳಲ್ಲಿ ಮುಖ್ಯವಾದದ್ದು ಇದು. ಗುಂಪಿನಲ್ಲಿ ತಾಳ್ಮೆ ಇರುವವರಿಗೆ ಇದನ್ನು ವಹಿಸಿ.

ಇಂಡಿಕಾರ್ ತಂಡಗಳು ಎಂಜಿನ್ ಕೊಳ್ಳುವುದಿಲ್ಲ, ಬಾಡಿಗೆಗೆ ತರುತ್ತವೆ. ಗಂಗಾವತಿ ಕಡೆ ಭತ್ತ ಕಟಾವಿಗೆ ಯಂತ್ರ ತರಿಸಿದ ಹಾಗೆ: ಹೊಲ ನಿಮ್ಮದು, ಬೆಳೆ ನಿಮ್ಮದು, ಯಂತ್ರ ಬೇರೆಯವರದು, ರಿಪೇರಿಯೂ ಅವರದೇ. ಯಂತ್ರದವನು ಈ ಸಲ ಬರುವುದಿಲ್ಲ ಎಂದರೆ ಬೆಳೆ ನಿಂತಲ್ಲೇ ಉದುರುತ್ತದೆ. ಈಗ ಆ ಯಂತ್ರದವರು ಇಬ್ಬರೇ, ಷೆವ್ರೊಲೆ ಮತ್ತು ಹೋಂಡಾ. ಎರಡೂ 2.2 ಲೀಟರ್ ಟ್ವಿನ್ ಟರ್ಬೊ ವಿ6. ಕಾರಿಗೆ ವರ್ಷಕ್ಕೆ ನಾಲ್ಕು ಎಂಜಿನ್. ಅನುಮತಿ ಇಲ್ಲದೆ ಬದಲಿಸಿದರೆ ರೋಡ್ ಕೋರ್ಸ್ (ತಿರುವುಗಳಿರುವ ಕಾಯಂ ಟ್ರ್ಯಾಕ್) ಮತ್ತು ಸ್ಟ್ರೀಟ್ ಕೋರ್ಸ್‌ನಲ್ಲಿ (ಊರಿನ ಬೀದಿಗಳ ಟ್ರ್ಯಾಕ್) ಆರು ಸ್ಥಾನ, ಓವಲ್‌ನಲ್ಲಿ (ಮೊಟ್ಟೆಯಾಕಾರದ ಟ್ರ್ಯಾಕ್) ಒಂಬತ್ತು ಸ್ಥಾನ ಹಿಂದಕ್ಕೆ. ಈ ದಂಡಗಳನ್ನು ತಂಡದ ಹೆಸರಿನಡಿ ಬರೆಯದೆ ಎಂಜಿನ್ ಕಂಪನಿಯ ಹೆಸರಿನಡಿ ಬರೆಯಿರಿ. ವರ್ಷದ ಕೊನೆಗೆ ಯಾರ ಎಂಜಿನ್ ಬಳಲುತ್ತಿದೆ ಎಂದು ಒಂದೇ ನೋಟಕ್ಕೆ ಕಾಣುತ್ತದೆ.

ಕಾಲಮ್‌ಗಳು: ಕಂಪನಿ, ಎಷ್ಟು ಕಾರಿಗೆ ಎಂಜಿನ್ ಕೊಟ್ಟಿದೆ, ಒಪ್ಪಂದ ಯಾವ ವರ್ಷದವರೆಗೆ, ಆ ವರ್ಷ ಕಂಪನಿಯ ಅಧಿಕಾರಿಗಳು ಖರ್ಚಿನ ಬಗ್ಗೆ ಬಹಿರಂಗವಾಗಿ ಏನು ಹೇಳಿದರು. ಕೊನೆಯ ಕಾಲಮ್ ಬೇಡ ಅನ್ನಿಸಬಹುದು, ಬಿಡಬೇಡಿ. 2023ರ ಕೊನೆಯಲ್ಲಿ ಹೋಂಡಾ ಕಡೆಯವರು ಖರ್ಚು ತಗ್ಗದಿದ್ದರೆ 2026ರ ನಂತರ ಉಳಿಯುವುದು ಕಷ್ಟ ಎಂದು ಬಾಯಿಬಿಟ್ಟು ಹೇಳಿದ್ದರು. ಕಂಪನಿಗಳು ಹೊರಟುಹೋಗುವ ಮೊದಲು ಹೀಗೆ ಮಾತಾಡುತ್ತವೆ. ಒಪ್ಪಂದ ಬೇಕೆಂದು ಚೌಕಾಶಿ ಮಾಡುವಾಗಲೂ ಹೀಗೇ ಮಾತಾಡುತ್ತವೆ. ಎರಡರ ವ್ಯತ್ಯಾಸ ಗೊತ್ತಾಗುವುದು ಹಿಂದಿನ ವರ್ಷಗಳ ಸಾಲು ಎದುರಿಗಿದ್ದಾಗ ಮಾತ್ರ.

ಹಳೆಯ ಸಾಲುಗಳನ್ನೂ ಈಗಲೇ ತುಂಬಿಸಿ. ಟೊಯೊಟಾ, ಷೆವ್ರೊಲೆ ಎರಡೂ 2005ರ ಕೊನೆಗೆ ಹೊರಟವು. 2006ರಿಂದ 2011ರವರೆಗೆ ಇಡೀ ಗ್ರಿಡ್‌ಗೆ ಹೋಂಡಾ ಒಂದೇ. ಅಂದರೆ ಒಬ್ಬನೇ ಉಳಿದರೂ ಆಟ ತಕ್ಷಣ ಸಾಯುವುದಿಲ್ಲ, ಸಪ್ಪೆಯಾಗುತ್ತದೆ. 2012ರಲ್ಲಿ ಷೆವ್ರೊಲೆ ಮರಳಿತು, ಲೋಟಸ್ ಮೂರನೆಯದಾಗಿ ಬಂತು. ಆ ವರ್ಷದ ಇಂಡಿ 500ರಲ್ಲಿ ಲೋಟಸ್ ಎಂಜಿನ್‌ನ ಎರಡು ಕಾರುಗಳಿಗೆ ವೇಗ ಸಾಲದೆಂದು ಶುರುವಿನಲ್ಲೇ ಕಪ್ಪು ಬಾವುಟ ತೋರಿಸಿ ಒಳಗೆ ಕರೆಸಿದರು, ವರ್ಷ ಮುಗಿಯುವಷ್ಟರಲ್ಲಿ ಲೋಟಸ್ ಕಣ ಬಿಟ್ಟಿತ್ತು. ಪೆನ್ಸಿಲ್ ಇದಕ್ಕೇ ಬೇಕಾದದ್ದು: ಮೂರನೇ ಕಂಪನಿ ಬರುತ್ತಿದೆ ಎಂಬ ಸುದ್ದಿಯನ್ನು ಪೆನ್ಸಿಲ್‌ನಲ್ಲೇ ಬರೆಯಿರಿ. ಎರಡನೇ ವರ್ಷದ ಮೊದಲ ರೇಸಿಗೂ ಅದು ಹಾಜರಿದ್ದರೆ ಆಗ ಪೆನ್ನಿನಿಂದ ತಿದ್ದಿ.

ಮೂರನೇ ಪುಟ: ಕಾರಿಗೆ ಎಷ್ಟು ವಯಸ್ಸು

ಈಗ ಓಡುತ್ತಿರುವ ಡಲಾರಾ ಕಾರಿನ ಮೂಲ ಚೌಕಟ್ಟು 2012ರದು. ಅದನ್ನು ಪರೀಕ್ಷಿಸಿ ಕೊಟ್ಟವರು ಚಾಲಕ ಡಾನ್ ವೆಲ್ಡನ್. 2011ರ ಅಕ್ಟೋಬರ್‌ನಲ್ಲಿ ಲಾಸ್ ವೇಗಸ್‌ನ ಅಪಘಾತದಲ್ಲಿ ಅವರು ತೀರಿಕೊಂಡರು, ಕಾರಿಗೆ ಡಿಡಬ್ಲ್ಯು12 ಎಂಬ ಹೆಸರು ಅವರ ನೆನಪಿಗೆ. ಆಮೇಲೆ 2015ರಲ್ಲಿ ಎಂಜಿನ್ ಕಂಪನಿಗೊಂದರಂತೆ ಏರೊ ಕಿಟ್ (ಗಾಳಿಯ ಹರಿವನ್ನು ತಿದ್ದುವ ಹೊರಮೈ ಭಾಗಗಳು) ಬಂದು ಖರ್ಚು ಏರಿತು. 2018ರಲ್ಲಿ ಅದನ್ನು ಕಿತ್ತು ಎಲ್ಲರಿಗೂ ಒಂದೇ ಕಿಟ್ ಹಾಕಿದರು. 2020ರಲ್ಲಿ ಚಾಲಕನ ತಲೆ ಕಾಯುವ ಏರೊಸ್ಕ್ರೀನ್ ಬಂತು, 2024ರ ಜುಲೈನಲ್ಲಿ ಎಂಜಿನ್‌ಗೆ ವಿದ್ಯುತ್ ಬಲ ಕೂಡಿಸುವ ಹೈಬ್ರಿಡ್ ಘಟಕ. ಸಂಡೂರಿನ ಹಳೆಯ ಅದಿರು ಟಿಪ್ಪರ್‌ಗೆ ಹೊಸ ಕ್ಯಾಬಿನ್, ಹೊಸ ಬಾಡಿ, ಹೆಚ್ಚುವರಿ ಟ್ಯಾಂಕ್ ಕೂಡಿಸುತ್ತ ಹೋದರೆ ಏನಾಗುತ್ತದೋ ಇಲ್ಲೂ ಅದೇ ಆಯಿತು: ಚಾಸಿಸ್ ಹಳೆಯದು, ತೂಕ ಹೊಸದು. ಏರೊಸ್ಕ್ರೀನ್ ಜೀವ ಉಳಿಸುವ ವಸ್ತು, ಅದರ ತೂಕದ ಬಗ್ಗೆ ದೂರುವಂತಿಲ್ಲ. ದೂರು ಇರುವುದು ಆ ತೂಕವನ್ನು ಹೊರಲು ರೂಪಿಸಿದ ಹೊಸ ಕಾರು ಬಾರದಿರುವುದರ ಬಗ್ಗೆ.

ಈ ಪುಟದಲ್ಲಿ ಮೂರು ಕಾಲಮ್ ಸಾಕು: ಏನು ಘೋಷಿಸಿದರು, ಯಾವಾಗ ಬರುತ್ತದೆ ಎಂದರು, ಯಾವಾಗ ಬಂತು. 2.4 ಲೀಟರ್ ಎಂಜಿನ್‌ನ ಸಾಲನ್ನೇ ನೋಡಿ. 2018ರಲ್ಲಿ ಘೋಷಣೆ, 2021ಕ್ಕೆ ಬರುತ್ತದೆ ಎಂಬ ಮಾತು. ಮತ್ತೆ ಮತ್ತೆ ಮುಂದೂಡಿ, 2022ರ ಕೊನೆಗೆ ಕೈಬಿಟ್ಟು 2.2 ಲೀಟರ್‌ನಲ್ಲೇ ಮುಂದುವರಿದರು. ಈಗ ಅದೇ 2.4 ಲೀಟರ್ ಹೊಸ ಕಾರಿನ ಜೊತೆ 2028ಕ್ಕೆ ಬರುತ್ತದೆ ಎನ್ನುತ್ತಾರೆ. ಆ ಕಾರೂ ಮೊದಲು 2027ಕ್ಕೆ ಬರಬೇಕಿತ್ತು. ಮುಂದೂಡಿದ ಪ್ರತಿ ಸಲಕ್ಕೂ ಒಂದು ಗೀಟು ಹಾಕಿ. ಹೊಸ ಕಾರು ತಡವಾದರೆ ಸಣ್ಣ ತಂಡಗಳಿಗೆ ಆ ವರ್ಷದ ಮಟ್ಟಿಗೆ ಖರ್ಚು ಉಳಿಯುತ್ತದೆ, ಅದಕ್ಕೇ ಅವು ಗಲಾಟೆ ಮಾಡುವುದಿಲ್ಲ. ನಷ್ಟ ಆಗುವುದು ಹೊಸ ಎಂಜಿನ್ ಕಂಪನಿಯನ್ನು ಕರೆಯುವ ವಿಷಯದಲ್ಲಿ. ಹಳೆಯ ಕಾರಿಗೆ ಹೊಸ ಎಂಜಿನ್ ಮಾಡಲು ಯಾರೂ ಹಣ ಹಾಕುವುದಿಲ್ಲ. ಹೀಗೆ ಮೂರನೇ ಪುಟದ ಗೀಟುಗಳು ಎರಡನೇ ಪುಟದ ಖಾಲಿ ಸಾಲುಗಳಿಗೆ ಕಾರಣವಾಗುತ್ತವೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ.

ನಾಲ್ಕನೇ ಪುಟ: ಟಿವಿ ಲೆಕ್ಕ

ಇಲ್ಲಿ ಕ್ಯಾಲ್ಕುಲೇಟರ್ ತೆಗೆಯಬೇಕು. 2025ರಲ್ಲಿ ಹದಿನೇಳೂ ರೇಸ್‌ಗಳು ಫಾಕ್ಸ್ ವಾಹಿನಿಯಲ್ಲಿ ಬಂದವು. ಅಮೆರಿಕದಲ್ಲಿ ಇಂಡಿ 500 ನೋಡಿದವರು 70.5 ಲಕ್ಷ. ಇಡೀ ಸರಣಿಯ ಸರಾಸರಿ ರೇಸಿಗೆ ಸುಮಾರು 13.6 ಲಕ್ಷ, ಹಿಂದಿನ ವರ್ಷಕ್ಕಿಂತ ಶೇಕಡಾ 27 ಹೆಚ್ಚು. ಸುದ್ದಿಯಲ್ಲಿ ಓಡಾಡುವುದು ಈ ಅಂಕಿಗಳೇ. ಆದರೆ ಸರಾಸರಿಯೊಳಗೆ ಇಂಡಿ 500 ಕೂತಿದೆ. ಅದನ್ನು ಹೊರಗೆ ತೆಗೆಯಿರಿ:

13.6 × 17 = 231.2 ಲಕ್ಷ
231.2 − 70.5 = 160.7 ಲಕ್ಷ
160.7 ÷ 16 = ಸುಮಾರು 10 ಲಕ್ಷ

ಟೇಲ್‌ಎಂಡ್‌ಗೆ ಹರಿದದ್ದು ಇಷ್ಟು. ಈಗ 70.5 ಅನ್ನು 10ರಿಂದ ಭಾಗಿಸಿ: ಇಂಡಿ 500 ಉಳಿದ ರೇಸ್‌ಗಳ ಏಳು ಪಟ್ಟು. ಈ ಏಳು ಎಂಬ ಅಂಕಿಯನ್ನು ಪುಟದ ತಲೆಯ ಮೇಲೆ ಬರೆದು, ಪ್ರತಿ ವರ್ಷ ಕೆಳಗೆ ಹೊಸದನ್ನು ಸೇರಿಸಿ. ಮುಂದೆ ಅದು ಐದಕ್ಕೆ ಇಳಿದರೆ ಕೂಡಲೇ ಖುಷಿಪಡಬೇಡಿ. 10 ಲಕ್ಷ 14 ಆಗಿ ಐದಕ್ಕೆ ಇಳಿದಿದ್ದರೆ ಕಾಲುವೆಯ ತುದಿಗೆ ನೀರು ತಲುಪಿದೆ. 70 ಲಕ್ಷ 50 ಆಗಿ ಇಳಿದಿದ್ದರೆ ಡ್ಯಾಮೇ ಖಾಲಿಯಾಗುತ್ತಿದೆ. ಭಾಗಲಬ್ಧ ಎರಡಕ್ಕೂ ಒಂದೇ.

ಶೇಕಡಾ 27ರ ಏರಿಕೆಯನ್ನೂ ಜರಡಿ ಹಿಡಿಯಬೇಕು. ಹಿಂದಿನ ವರ್ಷಗಳಲ್ಲಿ ಕೆಲವು ರೇಸ್‌ಗಳು ಕೇಬಲ್ ವಾಹಿನಿ ಅಥವಾ ಸ್ಟ್ರೀಮಿಂಗ್‌ನಲ್ಲಿ ಮಾತ್ರ ಬರುತ್ತಿದ್ದವು, 2025ರಲ್ಲಿ ಎಲ್ಲವೂ ಮುಖ್ಯ ವಾಹಿನಿಯಲ್ಲಿ. 2024ರ ಇಂಡಿ 500 ಮಳೆಯಿಂದ ಹಾಳಾಗಿತ್ತು. ಜೊತೆಗೆ 2025ರ ಫೆಬ್ರುವರಿಯಿಂದ ಟಿವಿ ನೋಡುಗರ ಲೆಕ್ಕ ಇಡುವ ನೀಲ್ಸನ್ ಸಂಸ್ಥೆ ಮನೆಯ ಹೊರಗೆ, ಹೋಟೆಲು-ಕ್ಲಬ್ಬುಗಳಲ್ಲಿ ನೋಡುವವರನ್ನು ಎಣಿಸುವ ವ್ಯಾಪ್ತಿ ಹೆಚ್ಚಿಸಿತು. ಸೇರು ಬದಲಾದ ವರ್ಷದ ರಾಶಿಯನ್ನು ಹಳೆಯ ಸೇರಿನ ರಾಶಿಗೆ ಹೋಲಿಸಿದಂತೆ ಇದು. ಹಾಗಾಗಿ 2025 ಅನ್ನು ಹೊಸ ಮೊದಲ ಸಾಲು ಎಂದು ಇಟ್ಟುಕೊಂಡು ಅಲ್ಲಿಂದ ಮುಂದಕ್ಕೆ ಹೋಲಿಸುವುದೇ ಸರಿ.

ಐದನೇ ಪುಟ: ತಕ್ಕಡಿ ಯಾರ ಕೈಯಲ್ಲಿದೆ

ಎಪಿಎಂಸಿ ಯಾರ್ಡ್ ಒಬ್ಬನದೇ, ದಲಾಲಿ ಅಂಗಡಿಯೂ ಅವನದೇ, ತೂಕದ ತಕ್ಕಡಿ ಹಿಡಿಯುವ ಹಮಾಲನೂ ಅವನ ಸಂಬಳದವನೇ ಆದರೆ ರಾಯಚೂರಿನ ಹತ್ತಿ ರೈತ ಏನೆಂದುಕೊಳ್ಳುತ್ತಾನೆ? ತೂಕ ಸರಿಯಾಗಿದ್ದರೂ ಅವನಿಗೆ ನೆಮ್ಮದಿ ಇರುವುದಿಲ್ಲ. ರೋಜರ್ ಪೆನ್ಸ್ಕೆ ಅವರ ಸಂಸ್ಥೆ 2019ರ ನವೆಂಬರ್‌ನಲ್ಲಿ ಇಂಡಿಯಾನಾಪೊಲಿಸ್ ಟ್ರ್ಯಾಕ್ ಮತ್ತು ಸರಣಿ ಎರಡನ್ನೂ ಕೊಳ್ಳುವುದಾಗಿ ಘೋಷಿಸಿತು. ಅವರ ತಂಡವೂ ಕಣದಲ್ಲಿ ಉಳಿಯಿತು. ಕೋವಿಡ್ ವರ್ಷಗಳಲ್ಲಿ ಟ್ರ್ಯಾಕನ್ನು ಕೈಬಿಡದೆ ದುಡ್ಡು ಹಾಕಿ ಉಳಿಸಿಕೊಂಡ ಶ್ರೇಯ ಅವರಿಗೆ ಸಲ್ಲಲೇಬೇಕು. ಆದರೆ 2024ರ ಸೇಂಟ್ ಪೀಟರ್ಸ್‌ಬರ್ಗ್ ರೇಸಿನಲ್ಲಿ ಅದೇ ತಂಡದ ಕಾರುಗಳಲ್ಲಿ ಸ್ವಲ್ಪ ಹೊತ್ತು ಎಂಜಿನ್ ಬಲ ಹೆಚ್ಚಿಸುವ ಪುಶ್-ಟು-ಪಾಸ್ ಗುಂಡಿ ಬಳಸಬಾರದ ಹೊತ್ತಿನಲ್ಲೂ ಕೆಲಸ ಮಾಡುತ್ತಿದ್ದದ್ದು ಪತ್ತೆಯಾಗಿ ಅದರ ಚಾಲಕ ಜೋಸೆಫ್ ನ್ಯೂಗಾರ್ಡನ್ ಗೆಲುವು ಹೋಯಿತು. 2025ರ ಇಂಡಿ 500 ಅರ್ಹತಾ ಸುತ್ತಿನಲ್ಲಿ ಹಿಂಬದಿಯಲ್ಲಿ ಡಿಕ್ಕಿಯ ಹೊಡೆತ ತಗ್ಗಿಸುವ ಅಟೆನ್ಯುಯೇಟರ್ ಭಾಗವನ್ನು ನಿಯಮ ಮೀರಿ ತಿದ್ದಿದ್ದಕ್ಕೆ ಎರಡು ಕಾರುಗಳನ್ನು ಕೊನೆಯ ಸಾಲಿಗೆ ತಳ್ಳಿದರು, ತಂಡದ ಮೂವರು ಹಿರಿಯ ಅಧಿಕಾರಿಗಳು ಕೆಲಸ ಕಳೆದುಕೊಂಡರು. ತೀರ್ಪುಗಾರಿಕೆಯನ್ನು ಮಾಲೀಕರಿಂದ ಬೇರೆ ಮಾಡುವ ಕೆಲಸಕ್ಕೆ ವೇಗ ಬಂದದ್ದು ಇದರ ನಂತರ. 2025ರ ಜುಲೈನಲ್ಲಿ ಫಾಕ್ಸ್ ಸಂಸ್ಥೆ ಪೆನ್ಸ್ಕೆ ಎಂಟರ್‌ಟೈನ್‌ಮೆಂಟ್‌ನ ಮೂರನೇ ಒಂದು ಪಾಲು ಕೊಂಡಿತು. ಅಂದಮೇಲೆ ಪ್ರಸಾರ ಮಾಡುವವನೂ ಈಗ ಪಾಲುದಾರ.

ಈ ಪುಟದಲ್ಲಿ ಪ್ರತಿ ದೊಡ್ಡ ದಂಡನೆಗೆ ಒಂದು ಸಾಲು: ಯಾವ ತಂಡ, ಯಾವ ತಪ್ಪು, ಪತ್ತೆಗೆ ಎಷ್ಟು ದಿನ ಹಿಡಿಯಿತು, ಶಿಕ್ಷೆ ಏನು. ಮಾಲೀಕನ ತಂಡಕ್ಕೂ ಉಳಿದವರಿಗೂ ಪತ್ತೆಯ ದಿನಗಳಲ್ಲಿ ವ್ಯತ್ಯಾಸ ಬೆಳೆಯುತ್ತಾ ಹೋದರೆ ಉಳಿದ ತಂಡಗಳ ಸಿಟ್ಟು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಚರಿತ್ರೆಯಲ್ಲಿ ಉತ್ತರ ಇದೆ. ಅದನ್ನು ಎದುರಿನ ಪುಟದಲ್ಲಿ ಬರೆದಿಡಿ.

1978ರಲ್ಲಿ ಮಾಜಿ ಚಾಲಕ, ತಂಡವೊಂದರ ಒಡೆಯ ಡಾನ್ ಗರ್ನಿ ತಂಡ ಮಾಲೀಕರ ಪರವಾಗಿ ಒಂದು ಪತ್ರ ಬರೆದರು. ಆಗ ಸರಣಿ ನಡೆಸುತ್ತಿದ್ದ ಯುಸಾಕ್ ಸಂಸ್ಥೆಯಲ್ಲಿ ತಂಡಗಳ ಮಾತಿಗೆ ಬೆಲೆ ಇಲ್ಲ, ಹಣವೂ ಸಾಲದು ಎಂಬುದು ಅದರ ಸಾರ. 1979ರಲ್ಲಿ ಕಾರ್ಟ್ ಎಂಬ ಬೇರೆ ಸರಣಿ ಹುಟ್ಟಿತು. ಕಾರ್ಟ್‌ನಲ್ಲಿ ತಂಡದವರೇ ಆಡಳಿತಗಾರರು. ಟ್ರ್ಯಾಕಿನ ಒಡೆತನದ ಕುಟುಂಬದ ಟೋನಿ ಜಾರ್ಜ್ ಅದಕ್ಕೆ ಎದುರಾಗಿ 1996ರಲ್ಲಿ ಇಂಡಿ ರೇಸಿಂಗ್ ಲೀಗ್ ಶುರುಮಾಡಿ, ಇಂಡಿ 500ರ 33 ಜಾಗಗಳಲ್ಲಿ 25 ತಮ್ಮ ಸರಣಿಯವರಿಗೆ ಎಂದು ಕಾದಿರಿಸಿದರು. ಕಾರ್ಟ್ ತಂಡಗಳು ಅದೇ ದಿನ ಮಿಷಿಗನ್‌ನಲ್ಲಿ ಬೇರೆ 500 ಮೈಲಿ ರೇಸ್ ನಡೆಸಿದವು. ಆ ಹಂತದಲ್ಲಿ ಕಾರು, ಚಾಲಕರು, ಪ್ರಾಯೋಜಕರು ಎಲ್ಲ ಕಾರ್ಟ್ ಕಡೆಯೇ ಇದ್ದರು, ಲೀಗ್ ಕಡೆ ಇದ್ದದ್ದು ಇಂಡಿ 500 ಒಂದೇ. ಕೊನೆಗೆ ಆ ಒಂದೇ ಗೆದ್ದಿತು: 2002ಕ್ಕೆ ಪೆನ್ಸ್ಕೆ ತಂಡ ಲೀಗ್‌ಗೆ ಹೋಯಿತು, 2003ರ ಕೊನೆಗೆ ಕಾರ್ಟ್ ದಿವಾಳಿಯಾಯಿತು, ಅದರ ಉಳಿಕೆಯಾದ ಚಾಂಪ್ ಕಾರ್ 2008ರಲ್ಲಿ ಲೀಗ್‌ನೊಳಗೆ ಸೇರಿಹೋಯಿತು. ಈ ಹನ್ನೆರಡು ವರ್ಷಗಳಲ್ಲಿ ನೋಡುಗರು ಅಮೆರಿಕದ ಇನ್ನೊಂದು ಕಾರ್ ರೇಸ್ ಸರಣಿಯಾದ ನ್ಯಾಸ್ಕಾರ್ ಕಡೆ ತಿರುಗಿದರು, ಹಲವರು ಮರಳಲಿಲ್ಲ. ತಂಡಗಳಿಗೆ ಈಗ ಚಾರ್ಟರ್ ಕೊಟ್ಟಿರುವುದು ಒಡೆದು ಹೋಗದಂತೆ ಕಟ್ಟಿದ ಹಗ್ಗ. ಅದರ ಗಂಟು 2031ಕ್ಕೆ ಬಿಚ್ಚುತ್ತದೆ. ಪುಟದ ಅಂಚಿನಲ್ಲಿ ಆ ವರ್ಷವನ್ನು ಗುರುತು ಮಾಡಿ.

ಉಳಿದ ಎರಡು ಸಣ್ಣ ಪುಟಗಳು

ವೇಳಾಪಟ್ಟಿಗೆ ಒಂದು. 2025ರ ಹದಿನೇಳರಲ್ಲಿ ಸ್ಟ್ರೀಟ್ 4, ರೋಡ್ ಕೋರ್ಸ್ 7, ಓವಲ್ 6. ಹೊಸದಾಗಿ ಬಂದ ಊರಿಗಿಂತ ಮೂರನೇ ವರ್ಷಕ್ಕೂ ಉಳಿದ ಊರನ್ನು ಎಣಿಸಿ. ಓವಲ್ ಸಂಖ್ಯೆ ನಾಲ್ಕಕ್ಕಿಂತ ಕೆಳಗೆ ಬಂದರೆ ಇದು ಫಾರ್ಮುಲಾ ಒನ್‌ನ ಬಡ ತಮ್ಮನಂತೆ ಕಾಣಲು ಶುರುವಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ಪುಟ ಕೆಳಗಿನ ಹಂತದ ಇಂಡಿ ಎನ್‌ಎಕ್ಸ್‌ಟಿಗೆ. ಅಲ್ಲಿನ ಚಾಂಪಿಯನ್‌ಗೆ ಮರುವರ್ಷ ಮೇಲಿನ ಸರಣಿಯಲ್ಲಿ ಪೂರ್ಣಾವಧಿ ಸೀಟು ಸಿಕ್ಕಿತೋ ಇಲ್ಲವೋ, ಹೌದು ಅಥವಾ ಇಲ್ಲ ಎಂದಷ್ಟೇ ಬರೆಯಿರಿ.

ತಪ್ಪುವುದು ಎಲ್ಲಿ

ಒಬ್ಬನೇ ಗೆಲ್ಲುತ್ತಾ ಹೋದರೆ ಸರಣಿ ಸತ್ತಿತು ಎಂದು ತೀರ್ಮಾನಿಸುವುದು ಸಾಮಾನ್ಯ ತಪ್ಪು. ಅಲೆಕ್ಸ್ ಪಲೋ 2025ರಲ್ಲಿ ಎಂಟು ರೇಸ್ ಗೆದ್ದು ನಾಲ್ಕನೇ ಪ್ರಶಸ್ತಿ ಪಡೆದರು, ಆದರೂ ಆ ವರ್ಷ ನೋಡುಗರು ಹೆಚ್ಚಾದರು. ಅವರಿಗೆ ಸಿಕ್ಕ ಚಾಸಿಸ್, ಟೈರು ಎಲ್ಲರಿಗೂ ಸಿಕ್ಕದ್ದೇ, ಎಂಜಿನ್ ಅರ್ಧ ಗ್ರಿಡ್‌ಗೆ ಸಿಕ್ಕದ್ದೇ. ಒಬ್ಬನ ಕೈಚಳಕವನ್ನು ಸರಣಿಯ ರೋಗ ಎಂದು ಬರೆಯಬೇಡಿ.

ಇನ್ನೊಂದು ತಪ್ಪು, ಒಂದೇ ಪುಟ ನೋಡಿ ಷರಾ ಬರೆಯುವುದು. ಎಂಜಿನ್ ಪುಟ ಮತ್ತು ಕಾರಿನ ವಯಸ್ಸಿನ ಪುಟ ಎರಡೂ ಸತತ ಎರಡು ವರ್ಷ ಕೆಟ್ಟರೆ ನಿಜಕ್ಕೂ ಚಿಂತೆಯ ವಿಷಯ. ಟಿವಿ ಪುಟ ಒಂದೇ ಕೆಟ್ಟರೆ ಒಂದು ವರ್ಷ ಕಾಯಬಹುದು. ಮಾಲೀಕತ್ವದ ಪುಟ ಕೆಟ್ಟರೆ ಮಾತ್ರ ಕಾಯಬೇಡಿ, ಇಲ್ಲಿ ಸರಣಿ ಇಬ್ಭಾಗವಾದಾಗೆಲ್ಲ ಬಿರುಕು ಮೊದಲು ಕಂಡದ್ದು ಆ ಪುಟದಲ್ಲೇ.

ಸರಣಿ ಆಗಸ್ಟ್ ಕೊನೆಗೋ ಸೆಪ್ಟೆಂಬರ್ ಮೊದಲಿಗೋ ಮುಗಿಯುತ್ತದೆ. ದಸರಾ ರಜೆಯಲ್ಲಿ ಒಂದು ಮಧ್ಯಾಹ್ನ ಎಲ್ಲರೂ ಕೂತು ವರ್ಷದ ಒಟ್ಟು ಸಾಲು ಹಾಕಿಬಿಡಿ. ಡಿಸೆಂಬರ್‌ವರೆಗೆ ಬಿಟ್ಟರೆ ಮುಂದಿನ ವರ್ಷದ ಘೋಷಣೆಗಳು ಬಂದು ಈ ವರ್ಷದ ನೆನಪಿನ ಮೇಲೆ ಕೂರುತ್ತವೆ. ಮೂರನೇ ಪುಟದಲ್ಲಿ 2028 ಎಂದು ಬರೆದ ಸಾಲಿನ ಮುಂದೆ ‘ಯಾವಾಗ ಬಂತು’ ಕಾಲಮ್ ಖಾಲಿ ಇರಲಿ, ಅದರ ಕೆಳಗೆ ಇನ್ನೂ ಎರಡು ಸಾಲು ಬಿಟ್ಟಿರಿ.